ಅಣ್ಣನ ಎಡಗೈ

ತಂಗಿ ತಾನೇ ಕೆತ್ತಿ ಮಾಡಿದ ಬೇಸ್ ಗಿಟಾರನ್ನು ಮುಂದೆ ಚಾಚಿದಾಗ ಅಣ್ಣ ಎಡಗೈಯನ್ನು ಜೇಬಿನಿಂದ ತೆಗೆಯಲಿಲ್ಲ. ಕಾಯಿಲೆ ಬಂದು ನಡುಕ ಹತ್ತಿದ ಮೇಲೆ ಎರಡು ವರ್ಷದಿಂದ ಆ ಕೈಯ ವಾಸ ಅಲ್ಲೇ. ಬಲಗೈಯಿಂದಲೇ ಗಿಟಾರಿನ ಕತ್ತನ್ನು ಸವರಿದ. ಸ್ವರದ ಜಾಗ ತೋರಿಸುವ ಲೋಹದ ಪಟ್ಟಿಗಳು ಅಲ್ಲಿರಲಿಲ್ಲ. ಮರ ಉದ್ದಕ್ಕೂ ನುಣುಪಾಗಿತ್ತು.

"ಬಾಗಿಲು ಕಿಟಕಿ ಮಾಡೋಳ ಕೈಗೆ ಕೊಟ್ರೆ ಹೀಗೇ. ಪಟ್ಟಿ ಹಾಕೋದನ್ನೇ ಮರ್ತಿದ್ದೀಯಲ್ಲೇ!"

"ಮರ್ತಿಲ್ಲ ಕಣೋ. ಬೇಕಂತಲೇ ಬಿಟ್ಟಿದ್ದೀನಿ."

"ಪಟ್ಟಿ ಇದ್ದ ಗಿಟಾರೇ ಈ ಕೈಗೆ ಸಿಕ್ಕಿ ಗರಗರ ಅಂತಿತ್ತು. ಇನ್ನು ಇದು..." ಅವನು ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡ. "ಸರಿ, ಸೌಂಡ್ ತಗ್ಗಿಸು. ಪಕ್ಕದ ಗ್ಯಾರೇಜಿನೋರು ನಕ್ಕಾರು."

ತಂಗಿ ಸ್ಪೀಕರಿನ ಗುಂಡಿ ತಿರುಗಿಸಿ, ಮುಖ ಕಾಣದಂತೆ ಕೆಲಸದ ಮೇಜಿನತ್ತ ಹೊರಳಿ ನಿಂತಳು. ನಾಲ್ಕು ತಿಂಗಳು ಆ ಕತ್ತನ್ನು ಉಜ್ಜಿ ನಯ ಮಾಡುವಾಗ ಅವಳು ನಂಬಿದ್ದು ಒಂದೇ ಊಹೆಯನ್ನು. ಅದು ಸುಳ್ಳಾದರೆ ಅಣ್ಣ ಮತ್ತೆಂದೂ ವಾದ್ಯ ಮುಟ್ಟುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಎಡಗೈ ಜೇಬಿನಿಂದ ಹೊರಬಂತು. ಬೆರಳು ದಪ್ಪ ತಂತಿಯ ಮೇಲೆ ಕುಳಿತು ಎಂದಿನಂತೆ ನಡುಗಿತು. ಬಲಗೈ ಮೀಟಿತು. ತಡೆಯುವ ಪಟ್ಟಿಯಿಲ್ಲದ ಮರದ ಮೇಲೆ ಆ ನಡುಕ ಸ್ವರದೊಳಕ್ಕೇ ಇಳಿಯಿತು. ಸ್ವರ ಹಾಡುವವರ ಕೊರಳಿನಂತೆ ಕಂಪಿಸುತ್ತ ಉದ್ದಕ್ಕೆ ಹೊರಟಿತು. ಅದು ಪೂರ್ತಿ ಆರಿದ ಮೇಲೆ ಅಣ್ಣ ತನ್ನ ಎಡಗೈಯನ್ನೇ ಒಂದು ಗಳಿಗೆ ನೋಡಿ, ಇನ್ನೊಮ್ಮೆ ಮೀಟಿದ.

"ಏ, ಆ ಸೌಂಡ್ ಜಾಸ್ತಿ ಮಾಡೇ," ಎಂದ. "ಗ್ಯಾರೇಜಿನೋರಿಗೂ ಕೇಳಿಸ್ಲಿ."