ಷೇರುದಾರನ ಐದು ನಿಮಿಷ

ಮೂವತ್ತು ವರ್ಷಗಳ ಹಿಂದೆ ಗಿರಣಿಗೆ ಬೆಂಕಿ ಬಿದ್ದಾಗ, ಉರಿಯುವ ಹತ್ತಿ ಮೂಟೆಗಳನ್ನು ಫಕೀರಪ್ಪನೊಬ್ಬನೇ ಹೊರಗೆಳೆದಿದ್ದ. ಸುಟ್ಟುಹೋದ ಬಲಗೈಗೆ ಪ್ರತಿಯಾಗಿ ಮಾಲೀಕರು ಇನ್ನೂರು ಷೇರು ಕೊಟ್ಟಿದ್ದರು.

ವಾರ್ಷಿಕ ಸಭೆಯಲ್ಲಿ ಒಬ್ಬೊಬ್ಬ ಷೇರುದಾರನಿಗೆ ಐದೇ ನಿಮಿಷ. ಫಕೀರಪ್ಪ ಎದ್ದು ನಿಂತ.

"ಲಾಭ ಆಗೇತಿ ಅಂತೀರಿ, ಡಿವಿಡೆಂಡ್ ಯಾಕ ಕೊಡೂದಿಲ್ರೀ? ಹೆಂಡ್ತಿ ಕಣ್ಣಿನ ಆಪರೇಷನ್ ಅದರ ಮ್ಯಾಲ ನಿಂತೈತಿ."

ಅಧ್ಯಕ್ಷನಾಗಿದ್ದ ಮಾಲೀಕರ ಮೊಮ್ಮಗ ಕೈಮುಗಿದ.

"ಹೇಳತೇನ್ರಿ ಅಜ್ಜಾರ. ಮೊದಲ ಆ ಬೆಂಕ್ಯಾಗಿಂದ ಮೂಟಿ ಎಳದದ್ದು ಹೇಳ್ರಿ, ಹೊಸಬರು ಕೇಳಲಿ."

ಫಕೀರಪ್ಪನ ಎದೆಯುಬ್ಬಿತು. ಸುಟ್ಟ ಕೈಯನ್ನು ಎತ್ತಿ ಹಿಡಿದು ಎಲ್ಲವನ್ನೂ ಬಣ್ಣಿಸಿದ. ಸಭೆ ಚಪ್ಪಾಳೆ ತಟ್ಟಿತು.

"ಈಗ ಡಿವಿಡೆಂಡ್ ಮಾತು..." ಎಂದ ಫಕೀರಪ್ಪ.

ಕಾರ್ಯದರ್ಶಿ ಗಡಿಯಾರ ನೋಡಿ ಅಧ್ಯಕ್ಷನ ಕಿವಿಯಲ್ಲಿ ಉಸುರಿದ: "ಇನ್ನೂ ಎರಡು ನಿಮಿಷ ಉಳದೈತ್ರಿ."

ಅಧ್ಯಕ್ಷ ಮೈಕನ್ನು ಹತ್ತಿರಕ್ಕೆಳೆದುಕೊಂಡ.

"ಅಜ್ಜಾರ, ಇನ್ನೊಮ್ಮೆ ಹೇಳ್ರಿ."