ಹೊನ್ನಾಜಿ ರಾಣಿಯ ಕೆಮ್ಮು

"ಈ ಸಾಲಿಗೇ ಯಾಕೆ ಕೆಮ್ಮಿದ್ರಿ?" ಎಂದು ರಂಗನಾಯಕಮ್ಮ ಯಾರೂ ಇಲ್ಲದ ಕೆರೆ ಏರಿಯ ಮೇಲೆ ನಿಂತು ಕೇಳಿದರು.

ಎಲ್ಲ ರಾಜರಾಣಿಯರ ಶಿಲೆಗಳಂತೆ ಆ ಏರಿಯ ಮೇಲಿನ ಹೊನ್ನಾಜಿ ರಾಣಿಯ ಶಿಲೆಯೂ, ತನ್ನೆದುರು ಕೊನೆಗೆ ಹಾಡಿದವರ ದನಿಯಲ್ಲೇ ದಿನಾ ಬೆಳಿಗ್ಗೆ ತನ್ನ ಕಥೆ ಹೇಳುತ್ತಿತ್ತು. ಹೋದ ಯುಗಾದಿಗೆ ಹಾಡಿದವರು ರಂಗನಾಯಕಮ್ಮನ ಯಜಮಾನರು, ಗಮಕಿ ಶೇಷಗಿರಿಯಪ್ಪ. ಒಡೆದ ಏರಿಗೆ ರಾಣಿ ಬೆನ್ನು ಕೊಟ್ಟು ನಿಂತ ಪದ್ಯದಲ್ಲಿ ಅವರಿಗೆ ಕೆಮ್ಮು ಬಂದಿತ್ತು. ಆಷಾಢದಲ್ಲಿ ತೀರಿಕೊಂಡರು.

ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಬೋರಯ್ಯ, ಹಾಡಲು ಕರೆಯುವ ಎಲೆ ಅಡಿಕೆಯ ತಟ್ಟೆ ಹಿಡಿದು ಬಂದ. "ನಮ್ಮ ಮೊಮ್ಮಕ್ಕಳು ಆ ಕೆಮ್ಮನ್ನೂ ಸೇರಿಸಿಯೇ ಪದ್ಯ ಕಲ್ತಿದ್ದಾವೆ, ಅಮ್ಮಾ" ಎಂದು ನಕ್ಕ. ಆಮೇಲೆ ದನಿ ಇಳಿಸಿದ. "ನಾಳೆ ಯುಗಾದಿ. ಹಾಡೋ ಮನೆತನದಲ್ಲಿ ಉಳಿದಿರೋ ಕಂಠ ನಿಮ್ಮದೊಂದೇ. ವರ್ಷಕ್ಕೊಮ್ಮೆ ಹೊಸದಾಗಿ ಹಾಡದಿದ್ರೆ ರಾಣಿ ಮರೆತು ಏರಿಗೆ ಕೊಟ್ಟ ಬೆನ್ನು ತೆಗೀತಾಳೆ ಅಂತಾರಲ್ಲ ಹಿರಿಯರು."

"ನಾನು ಹಾಡಿದ್ರೆ ಇವರ ದನಿ ಅಳಿಸಿಹೋಗುತ್ತೆ, ಬೋರಯ್ಯ."

"ನಮ್ಮ ಮನೆಗಳೆಲ್ಲ ಏರಿ ಕೆಳಗೇ ಇವೆ ತಾಯಿ. ನೀವೇ ಹಾಡಬೇಕು."

ರಂಗನಾಯಕಮ್ಮನ ಮನೆಯೂ ಅಲ್ಲೇ ಇತ್ತು. ಶಿಲೆ ಮತ್ತೆ ಆ ಸಾಲಿಗೆ ಬಂದು ಕೆಮ್ಮಿತು. ಅವರು ರಾಣಿಗೆ ಕೈ ಮುಗಿದು, ತಟ್ಟೆಯನ್ನು ಬೋರಯ್ಯನ ಕಡೆಗೇ ಸರಿಸಿದರು.

"ಹಾಡೋದಿಲ್ಲ."