ಒಳಕೋಣೆಯ ಚಿಲಕ

ಇದು ಇನ್ನೊಬ್ಬರ ಮನೆಯ ಗುಟ್ಟು. ಹೆಸರುಗಳನ್ನು ಬದಲಿಸಿದ್ದೇನೆ. ಆದರೂ ಹೇಳಬಾರದಿತ್ತು ಎನ್ನಿಸಿದರೆ ಓದುವವರು ಕ್ಷಮಿಸಬೇಕು.

ಬೈಲಹೊಂಗಲದ ಮಹಿಳಾ ಆಶ್ರಯ ಕೇಂದ್ರಕ್ಕೆ ಮುದಕವ್ವ ಬಂದಾಗ ಅವಳ ತೋಳಿನಲ್ಲಿ ಐದು ತಿಂಗಳ ಕೂಸು ಅಳುತ್ತಿತ್ತು.

"ನೇಸರಗಿಯಿಂದ ಬಂದೇನ್ರಿ ಬಾಯಾರ. ನನ್ನ ಸೊಸಿ ರೇಣು ಇಲ್ಲಿ ಅದಾಳೇನ್ರಿ? ನಿನ್ನೆ ಸಂಜಿಮುಂದ ನನ್ನ ಮಗ ಆಕಿ ಮ್ಯಾಲೆ ಕೈ ಮಾಡಿದ. ಕೂಸು ನನ್ನ ಕಡೆ ಇತ್ತು. ಉಟ್ಟ ಸೀರಿ ಮ್ಯಾಲೆ ಹೊಂಟು ಬಂದಾಳ."

ಮೇಜಿನ ಹಿಂದೆ ಕೂತಿದ್ದ ಕೇಂದ್ರದ ಕಾರ್ಯಕರ್ತೆ ಪ್ರಣಿತಾ ದಾಖಲೆ ಪುಸ್ತಕ ಮುಚ್ಚಿದಳು. ರೇಣು ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಳು. ತಾನಿಲ್ಲಿರುವುದು ಗಂಡನಿಗೆ ತಿಳಿಯಬಾರದೆಂದು ಆಣೆ ಮಾಡಿಸಿಕೊಂಡಿದ್ದಳು. ಪೊಲೀಸರ ಜೊತೆ ಹೋಗಿ ಕೂಸನ್ನು ತರುವ ಮಾತು ಬೆಳಿಗ್ಗೆಯಷ್ಟೇ ಆಗಿತ್ತು. ಸಮಾಜಕಾರ್ಯದ ಸಂಜೆ ತರಗತಿಯಲ್ಲಿ ಪ್ರಣಿತಾ ಕಲಿತದ್ದೂ ಅದೇ: ಬಂದವರ ಗುಟ್ಟು ಬಂದವರದು, ಯಾರು ಕೇಳಿದರೂ ಹೌದೆನ್ನಬೇಡಿ, ಇಲ್ಲವೆನ್ನಬೇಡಿ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಒಳ್ಳೆಯ ಅಂಕ ಬಂದಿತ್ತು. ಪ್ರಶ್ನೆಯಲ್ಲಿ ಹಸಿದ ಕೂಸು ಇರಲಿಲ್ಲ.

"ಇಲ್ಲಿ ಯಾರ ಅದಾರ, ಯಾರ ಇಲ್ಲ ಅಂತ ನಾವು ಹೇಳಂಗಿಲ್ರಿ ಯವ್ವಾ."

"ಹೇಳಬ್ಯಾಡ ತಂಗಿ. ಕೂಸಿನ್ನ ಒಳಗ ಒಯ್ಯಿ, ಕುಡಿಸಿಕೊಂಡು ಬಾ. ನಿನ್ನೆಯಿಂದ ಬಾಟ್ಲಿ ಬಾಯಾಗ ಇಟಗೊಳ್ಳವಲ್ದು."

"ಒಳಗ ಯಾರ ಅದಾರಂತ ಒಯ್ಲಿರಿ?"

"ಇಷ್ಟ ಕಲಿಸ್ಯಾರೇನ ನಿನಗ ಸಾಲ್ಯಾಗ?"

ಪ್ರಣಿತಾ ಕಿಟಕಿಯಾಚೆ ನೋಡಿದಳು. ಎದುರಿನ ಚಹಾದಂಗಡಿಯ ಮುಂದೆ ಒಬ್ಬ ಮೋಟರ್ ಸೈಕಲ್‌ನಿಂದ ಇಳಿಯದೆ ಇತ್ತಲೇ ನೋಡುತ್ತಿದ್ದ.

"ಅವರ ಯಾರ್ರಿ?"

"ನನ್ನ ಮಗ. ಅವನೇ ನನ್ನ ಕರಕೊಂಡ ಬಂದಾನ. ಒಳಗ ಬರಬ್ಯಾಡ ಅಂದೇನಿ."

ಎದ್ದು ಒಳಕೋಣೆಯತ್ತ ಒಂದು ಹೆಜ್ಜೆ ಇಟ್ಟರೂ ಅದೇ ಹೌದೆಂಬ ಉತ್ತರವಾಗುತ್ತಿತ್ತು. ಪ್ರಣಿತಾ ಮೇಲಿನವರಿಗೆ ಫೋನ್ ಹಚ್ಚಿದಳು. ಅವರು ಎತ್ತಲಿಲ್ಲ. ಕೂಸಿನ ಅಳು ಏರಿತು, ಆಮೇಲೆ ಕುಗ್ಗತೊಡಗಿತು. ಕುಗ್ಗಿದ್ದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಒಳಗೆ ಚಿಲಕ ಸರಿಯಿತು. ರೇಣು ಬಾಗಿಲಲ್ಲಿ ನಿಂತಿದ್ದಳು. ಅವಳ ಕುಪ್ಪಸ ಎದೆಯ ಬಳಿ ಒದ್ದೆಯಾಗಿತ್ತು.

"ಹೊರಗ ಅವರೂ ಅದಾರ್ರಿ," ಪ್ರಣಿತಾ ಪಿಸುಗುಟ್ಟಿದಳು. "ವಿಚಾರ ಮಾಡ್ರಿ. ನಿಮಗ ಬಿಟ್ಟದ್ದು."

"ಗೊತ್ತೈತ್ರಿ. ಗಾಡಿ ಸಪ್ಪಳ ಕೇಳೇನಿ." ರೇಣು ಅತ್ತೆಯ ಮುಖ ನೋಡದೆ ಕೂಸನ್ನು ಎತ್ತಿಕೊಂಡು ನೆಲದ ಮೇಲೆಯೇ ಕೂತಳು. ಅಳು ನಿಂತಿತು.

ಮುದಕವ್ವ ಕಿಟಕಿಯ ಬಳಿ ಹೋದಳು. ಬೀದಿಗೆ ಮುಖ ಮಾಡಿ, ಸೆರಗನ್ನು ಎರಡೂ ಕೈಯಿಂದ ಅಗಲಿಸಿ ಎತ್ತಿ ಹಿಡಿದಳು. ಹೊರಗೆ ಮೋಟರ್ ಸೈಕಲ್ ಚಾಲೂ ಆಯಿತು.

ಸೊಸೆಗೆ ಮರೆ ಮಾಡಿದಳೋ, ಮಗನಿಗೆ ಸನ್ನೆ ಮಾಡಿದಳೋ, ನನಗೆ ಗೊತ್ತಿಲ್ಲ.